ಅರ್ಧ ದಿನದ ಬಡವರು

ಆ ಬುಧವಾರ ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ವೆಂಡೆಲ್ ಕೋಸಿಕ್‌ಗೆ ಒಂದು ಫೋನು ಬರಬೇಕಾಗಿತ್ತು. ಸರಿಯಾಗಿ ಎಷ್ಟು ಹೊತ್ತಿಗೆ ಎಂದು ಗೊತ್ತಿಲ್ಲ, ಯಾವ ನಂಬರಿನಿಂದ ಎಂದೂ ಗೊತ್ತಿಲ್ಲ. ಕೌಂಟಿಯ, ಅಂದರೆ ಜಿಲ್ಲೆಯ, ಸಹಾಯ ಕಚೇರಿಯ ಕಾಗದದಲ್ಲಿ ಇದ್ದದ್ದು ಇಷ್ಟೇ: ನಾವು ಒಂದು ಸಲ ಕರೆ ಮಾಡುತ್ತೇವೆ. ನೀವು ಎತ್ತಿ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ನಿಮ್ಮ ಮನೆಯ ಉಚಿತ ಔಷಧಿ ಕಾರ್ಡು ಇನ್ನೊಂದು ವರ್ಷ ನಡೆಯುತ್ತದೆ. ಎತ್ತದಿದ್ದರೆ ತಿಂಗಳ ಕೊನೆಗೆ ನಿಲ್ಲುತ್ತದೆ. ತಿಂಗಳ ಕೊನೆ ಎಂದರೆ ಶುಕ್ರವಾರ.

ಕಾರ್ಡು ಬೇಕಾಗಿದ್ದುದು ಹೆಂಡತಿ ಲೊರೇನ್‌ಗೆ. ಅವಳಿಗೆ ಫಿಟ್ಸ್. ದಿನಕ್ಕೆರಡು ಮಾತ್ರೆ ತಪ್ಪದಿದ್ದರೆ ಅವಳು ನಮ್ಮ ನಿಮ್ಮ ಹಾಗೆಯೇ ಇರುತ್ತಾಳೆ, ಅಡುಗೆ ಮಾಡುತ್ತಾಳೆ, ಪಕ್ಕದ ಮನೆಯವರನ್ನು ಆಡಿಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ಇದೇ ಕಾರ್ಡಿನ ಎಡವಟ್ಟಿನಲ್ಲಿ ನಾಲ್ಕು ದಿನ ಮಾತ್ರೆ ತಪ್ಪಿತು. ಐದನೆಯ ದಿನ ಅಡುಗೆಮನೆಯಲ್ಲಿ ಬಿದ್ದಳು. ಒಲೆಯ ಅಂಚು ಬಡಿದು ಹುಬ್ಬಿನ ಮೇಲೆ ಹನ್ನೊಂದು ಹೊಲಿಗೆ. ಈಗ ಡಬ್ಬಿಯಲ್ಲಿದ್ದುದು ಭಾನುವಾರದವರೆಗಿನ ಮಾತ್ರೆ. ಹೊಸ ಡಬ್ಬಿ ಕೊಡುವುದು ತಿಂಗಳು ಹುಟ್ಟಿದ ಮೇಲೆಯೇ.

ಹಾಗಾಗಿ ವೆಂಡೆಲ್ ಬೆಳಗ್ಗೆಯಿಂದ ಫೋನನ್ನು ಅಂಗಿಯ ಜೇಬಿನಲ್ಲಿಟ್ಟು, ಆ ಜೇಬಿನ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ನೆಲ ಒರೆಸುತ್ತಿದ್ದ. ನೋಡಿದವರು ಪಾಪ, ಎದೆನೋವಿರಬೇಕು ಅಂದುಕೊಂಡರು. ಅವನಿಗೆ ಐವತ್ತೆಂಟು. ಸರೋವರದ ದಂಡೆಯಲ್ಲಿದ್ದ ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮೂರಿನ ದೊಡ್ಡ ಚರ್ಚಿನಲ್ಲಿ ಕಸ ಗುಡಿಸುವುದು, ಕುರ್ಚಿ ಜೋಡಿಸುವುದು ಅವನ ಕೆಲಸ. ರಜಾ ಕೇಳಿದ್ದ. ಚರ್ಚಿನ ಕಚೇರಿ ನೋಡಿಕೊಳ್ಳುವ ಹಾಲ್ವರ್ಸನ್ ಮೇಡಂ ಕೊಡಲಿಲ್ಲ.

"ಇವತ್ತೇ ಬೇಕಾ ನಿನಗೆ ರಜಾ? ತರಬೇತಿ ಇದೆ ಅಂತ ಗೊತ್ತಿಲ್ವಾ? ಅರವತ್ತು ಕುರ್ಚಿ ಯಾರು ಹಾಕ್ತಾರೆ, ನಾನಾ?" ಎಂದಿದ್ದರು.

ತರಬೇತಿ ಎಂದರೆ ಬಡತನದ ತರಬೇತಿ. ನಮ್ಮೂರಿನಲ್ಲಿ ವರ್ಷಕ್ಕೊಂದು ಸಲ ನಡೆಯುತ್ತದೆ. ಒಳ್ಳೆಯ ಸಂಬಳದ ಐವತ್ತು ಅರವತ್ತು ಮಂದಿಯನ್ನು ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿ ಎಂದು ನಾನಾ ಕಡೆಯಿಂದ ಕರೆಸಿ, ಚರ್ಚಿನ ತಳಮಹಡಿಯಲ್ಲಿ ಕೂರಿಸಿ, ಒಂದು ಮಧ್ಯಾಹ್ನದ ಮಟ್ಟಿಗೆ ಬಡವರನ್ನಾಗಿ ಮಾಡುತ್ತಾರೆ. ಬಡವರ ಕಷ್ಟ ಇವರಿಗೂ ಗೊತ್ತಾಗಲಿ ಎಂಬ ಒಳ್ಳೆಯ ಉದ್ದೇಶ. ನಾಲ್ಕು ಜನಕ್ಕೊಂದು ಸಂಸಾರ, ಲಕೋಟೆಯಲ್ಲಿ ಒಂದಿಷ್ಟು ಆಟದ ನೋಟು, ಕೆಲವು ಬಸ್ ಚೀಟಿ. ಗೋಡೆಯುದ್ದಕ್ಕೂ ಮೇಜುಗಳು: ಒಂದು ದಿನಸಿ ಅಂಗಡಿ, ಒಂದು ಮನೆ ಮಾಲೀಕ, ಒಂದು ಗಿರವಿ ಅಂಗಡಿ, ಒಂದು ಸಹಾಯ ಕಚೇರಿ, ಒಂದು ಪೊಲೀಸ್ ಠಾಣೆ. ಹದಿನೈದು ನಿಮಿಷಕ್ಕೆ ಒಂದು ವಾರ. ಸೀಟಿ ಊದಿದರೆ ವಾರ ಮುಗಿಯಿತು. ನಾಲ್ಕು ವಾರ ಬದುಕಿದವರಿಗೆ ಸರ್ಟಿಫಿಕೇಟು, ಆಮೇಲೆ ಮಹಡಿಯ ಮೇಲೆ ಕಾಫಿ, ಬಿಸ್ಕತ್ತು. ವೆಂಡೆಲ್ ಒಂಬತ್ತು ವರ್ಷದಿಂದ ಬಡವನಾಗಿದ್ದ. ಅವನಿಗೆ ಯಾರೂ ಸೀಟಿ ಊದಿರಲಿಲ್ಲ.

ಒಂದೂಕಾಲಕ್ಕೆ ತರಬೇತಿ ನಡೆಸುವ ಟ್ರಿಶ್ ಎಂಬ ಹೆಂಗಸು ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಹಾಲ್ವರ್ಸನ್ ಮೇಡಂ ಬಳಿ ಓಡಿ ಬಂದಳು.

"ಒಬ್ಬರು ಬಂದಿಲ್ಲ. ಆರನೇ ಸಂಸಾರದಲ್ಲಿ ಒಂದು ಮಗು ಕಮ್ಮಿ. ಯಾರಾದ್ರೂ ಒಬ್ರು ಸಿಗ್ತಾರಾ? ಏನೂ ಮಾಡೋದು ಬೇಡ, ಸುಮ್ನೆ ಕೂತ್ರೆ ಸಾಕು."

ಸುಮ್ಮನೆ ಕೂರುವವರು ಎಂದ ಕೂಡಲೇ ಹಾಲ್ವರ್ಸನ್ ಮೇಡಂಗೆ ಹೊಳೆದದ್ದು ವೆಂಡೆಲ್. "ನಮ್ಮ ಕೆಲಸದವನಿದ್ದಾನೆ, ಕರ್ಕೊಂಡು ಹೋಗಿ."

"ಮೇಡಂ, ನಂಗೊಂದು ಫೋನ್ ಬರ್ಬೇಕು," ಎಂದ ವೆಂಡೆಲ್.

"ಎಲ್ರಿಗೂ ಫೋನ್ ಬರುತ್ತೆ. ಅವರೆಲ್ಲ ಎಂಥೆಂಥ ಕೆಲಸ ಬಿಟ್ಟು ಬಂದಿದ್ದಾರೆ ನೋಡು. ಹೋಗು."

ಬಾಗಿಲಲ್ಲೇ ಟ್ರಿಶ್ ಒಂದು ಬುಟ್ಟಿ ಚಾಚಿದಳು. ಅದರ ತುಂಬ ಫೋನುಗಳು. ವೆಂಡೆಲ್ ಜೇಬಿನ ಮೇಲೆ ಎರಡೂ ಕೈ ಇಟ್ಟುಕೊಂಡ.

"ಮೇಡಂ, ಇದೊಂದು ಬಿಟ್ಬಿಡಿ. ಕೌಂಟಿ ಆಫೀಸಿಂದ..."

"ನೋಡಿ, ಆಟದ ನಿಯಮ. ಬಡವರ ಹತ್ರ ಇಷ್ಟು ಒಳ್ಳೇ ಫೋನ್ ಇರಲ್ಲ."

ವೆಂಡೆಲ್ ಫೋನಿನ ಗಾಜು ಮೂರು ಕಡೆ ಸೀಳಿತ್ತು, ಹಿಂಬದಿಗೆ ಟೇಪು ಸುತ್ತಿತ್ತು. ಟ್ರಿಶ್ ಅದನ್ನು ಎರಡು ಬೆರಳಲ್ಲಿ ಎತ್ತಿ ಬುಟ್ಟಿಗೆ ಹಾಕಿಕೊಂಡಳು. ಬದಲಿಗೆ ಅವನ ಎದೆಗೆ ಒಂದು ಚೀಟಿ ಅಂಟಿಸಿದಳು. ಅದರ ಮೇಲೆ "ಟಾಬಿ, ಮೂರು ವರ್ಷ" ಎಂದು ಬರೆದಿತ್ತು. ಅವನ ನಿಜವಾದ ಹೆಸರನ್ನು ಯಾರೂ ಕೇಳಲಿಲ್ಲ. "ಇವತ್ತು ಇಲ್ಲಿ ಯಾರಿಗೂ ಹೆಸರಿಲ್ಲ, ಹುದ್ದೆ ಇಲ್ಲ. ಎಲ್ಲರೂ ಸಮ!" ಎಂದು ಟ್ರಿಶ್ ಮೈಕಿನಲ್ಲಿ ಸಾರಿದಳು. ಜನ ಚಪ್ಪಾಳೆ ತಟ್ಟಿದರು.

ಆರನೇ ಸಂಸಾರದ ತಾಯಿ ನಲವತ್ತರ ಆಸುಪಾಸಿನ ಹೆಂಗಸು, ಮುಖದಲ್ಲೇ ಮಮತೆ. ಅವಳ ಚೀಟಿಯಲ್ಲಿ "ಅಮ್ಮ" ಎಂದಷ್ಟೇ ಇತ್ತು. ಹತ್ತು ವರ್ಷದ ಮಗಳ ಪಾತ್ರ ಎದೆಯವರೆಗೆ ಗಡ್ಡವಿದ್ದ ಬ್ಯಾಂಕಿನವನದು. ತಂದೆಯ ಪಾತ್ರ ಮಾಡಬೇಕಾದವನು ಮೊದಲ ವಾರದಲ್ಲೇ ಜೈಲಿಗೆ ಹೋಗುವನೆಂದು ಲಕೋಟೆಯಲ್ಲಿ ಬರೆದಿತ್ತಾದ್ದರಿಂದ ಅವನು ಆರಾಮಾಗಿ ಹೋಗಿ ಜೈಲಿನ ಮೂಲೆಯಲ್ಲಿ ಕೂತು ಪೇಪರು ಓದತೊಡಗಿದ. ಟ್ರಿಶ್ ನಿಯಮಗಳನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಎರಡು ಗಂಟೆ ದಾಟಿತ್ತು.

ಸೀಟಿ ಊದಿತು. ತಾಯಿ ಗಾಬರಿಯಿಂದ ನೋಟುಗಳನ್ನು ಹರಡಿಕೊಂಡಳು. "ಇಷ್ಟೇನಾ? ಇದರಲ್ಲಿ ಹೇಗೆ ಒಂದು ವಾರ ಬದುಕೋದು? ಮೊದಲು ದಿನಸಿ ತರ್ತೀನಿ."

"ಮೊದಲು ಮನೆ ಬಾಡಿಗೆ ಕೊಡಿ," ಎಂದ ವೆಂಡೆಲ್, ತಡೆಯಲಾಗದೆ. "ರಸೀದಿ ಕೇಳಿ ಇಸ್ಕೊಳ್ಳಿ. ಇಲ್ದಿದ್ರೆ ಮುಂದಿನ ವಾರ ಕೊಟ್ಟೇ ಇಲ್ಲ ಅಂತಾನೆ. ದಿನಸಿಗೆ ಚರ್ಚಲ್ಲಿ ಪುಕ್ಕಟೆ ಡಬ್ಬ ಕೊಡ್ತಾರೆ, ಸೋಮವಾರ ಹೋಗ್ಬೇಕು, ಬೇಗ."

ಟ್ರಿಶ್ ಎಲ್ಲಿದ್ದಳೋ, ಹದ್ದಿನ ಹಾಗೆ ಎರಗಿದಳು. "ಟಾಬಿ! ಮೂರು ವರ್ಷದ ಮಗು ಹೀಗೆಲ್ಲ ಮಾತಾಡುತ್ತಾ? ಅನುಭವ ಅವರಿಗೆ ಆಗ್ಬೇಕು. ನೀವು ಬಡವರ ಬಗ್ಗೆ ಹೇಳಿಕೊಡೋದು ಬೇಡ."

"ಸುಮ್ನಿರು ಪುಟ್ಟ," ಎಂದಳು ತಾಯಿ ಅವನ ತಲೆ ಸವರಿ. ಅವನ ಕೈಗೆ ಬಣ್ಣದ ಪೆನ್ಸಿಲು, ಕಾಗದ ಕೊಟ್ಟರು. ಐವತ್ತೆಂಟರ ವೆಂಡೆಲ್ ಬಾತುಕೋಳಿಗೆ ಹಳದಿ ಬಣ್ಣ ಬಳಿಯುತ್ತ ಅಡುಗೆಕೋಣೆಯ ಕಡೆಗೇ ಕಿವಿ ಇಟ್ಟು ಕೂತ. ಬುಟ್ಟಿ ಅಲ್ಲಿತ್ತು, ಕಪಾಟಿನ ಮೇಲೆ. ಬಾಗಿಲು ತೆರೆದೇ ಇತ್ತು. ಹದಿನೈದು ಹೆಜ್ಜೆ.

ಮೊದಲ ವಾರದಲ್ಲಿ ತಾಯಿ ದಿನಸಿ ತಂದಳು. ಎರಡನೆಯ ವಾರ ಮನೆ ಮಾಲೀಕ ಬಂದು ಅವರ ಮೂರೂ ಕುರ್ಚಿಗಳನ್ನು ತಲೆಕೆಳಗು ಮಾಡಿ ಹೋದ. ಮನೆಯಿಂದ ಹೊರಹಾಕಿದ್ದರ ಗುರುತು ಅದು. ವೆಂಡೆಲ್ ನೆಲದ ಮೇಲೆ ಕೂತು ಬಾತುಕೋಳಿಯ ಕಾಲಿಗೆ ಬಣ್ಣ ಹಾಕಿದ. ಆ ನೆಲವನ್ನು ಬೆಳಗ್ಗೆ ಅವನೇ ಒರೆಸಿದ್ದರಿಂದ ಕೂರಲು ಅಡ್ಡಿಯಿರಲಿಲ್ಲ. ತಾಯಿ ಸಹಾಯ ಕಚೇರಿಯ ಸಾಲಿನಲ್ಲಿ ನಿಂತು ಬಂದಳು. ಬರುವಾಗ ಕಣ್ಣಲ್ಲಿ ನೀರು.

"ಎಂಥ ಕಟುಕರು! ಒಂದೇ ಒಂದು ಸಲ ಹೆಸರು ಕೂಗಿದ್ರು. ನಾನು ಬಸ್ ಚೀಟಿ ಹುಡುಕ್ತಾ ಇದ್ದೆ, ಅಷ್ಟರಲ್ಲಿ ನನ್ನ ಹೆಸರು ಹೊಡೆದು ಹಾಕಿದ್ರು. ಇನ್ನೊಂದು ಸಲ ಕೂಗಿದ್ರೆ ಇವರ ಗಂಟೇನು ಹೋಗ್ತಿತ್ತು?"

"ಹಂಗೇ ಮಾಡೋದು ಅವ್ರು," ಎಂದ ವೆಂಡೆಲ್ ಮೆಲ್ಲಗೆ.

"ಮನುಷ್ಯರೇ ಅಲ್ಲ," ಎಂದಳು ಅವಳು. ಒಳ್ಳೆಯ ಹೆಂಗಸು. ಆ ಹೊತ್ತಿಗೆ ವೆಂಡೆಲ್‌ಗೆ ಅವಳ ಮೇಲೆ ನಿಜಕ್ಕೂ ಪ್ರೀತಿ ಹುಟ್ಟಿತು. ಇವಳಂಥವರು ಆ ಕಚೇರಿಯಲ್ಲಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡ.

ಎರಡೂವರೆ ದಾಟಿತು. ಗಡ್ಡದ ಮಗಳು ಶಾಲೆಯ ಮೇಜಿಗೆ ಹೋದಳು, ಅಂದರೆ ಹೋದ. ತಾಯಿ ಗಡಿಯಾರ ನೋಡಿ ಎದ್ದಳು. "ಪುಟ್ಟ, ಎರಡೇ ನಿಮಿಷ ಹೊರಗೆ ಹೋಗಿ ಬರ್ತೀನಿ. ಇಲ್ಲೇ ಇರು, ಎಲ್ಲೂ ಹೋಗ್ಬೇಡ," ಎಂದು ಚೀಲ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದಳು.

ಅವಳು ಹೋಗಿ ಒಂದು ನಿಮಿಷ ಆಗಿತ್ತೋ ಇಲ್ಲವೋ, ಅಡುಗೆಕೋಣೆಯಲ್ಲಿ ಫೋನು ಹೊಡೆದುಕೊಂಡಿತು.

ವೆಂಡೆಲ್‌ಗೆ ಅದು ತನ್ನದೇ ಎಂದು ಗೊತ್ತಾಗಲು ಅರ್ಧ ಕ್ಷಣವೂ ಬೇಕಾಗಲಿಲ್ಲ. ಕೈಯಲ್ಲಿದ್ದ ಪೆನ್ಸಿಲು ಬಿಸಾಕಿ ಎದ್ದ. ಹದಿನೈದರಲ್ಲಿ ಎಂಟು ಹೆಜ್ಜೆ ಹಾಕಿದ್ದ. ಅಷ್ಟರಲ್ಲಿ ಎದುರಿಗೆ ಪೊಲೀಸು. ಸ್ಟ್ರೌಡ್ ಎಂಬ ಎತ್ತರದ ಆಸಾಮಿ, ತಲೆಗೆ ಪ್ಲಾಸ್ಟಿಕ್ ಟೋಪಿ. ಪಾತ್ರ ಸಿಕ್ಕಿದಾಗಿನಿಂದ ಅವನಿಗೆ ಹಬ್ಬವೋ ಹಬ್ಬ. ಅದುವರೆಗೆ ಹನ್ನೊಂದು ಜನರನ್ನು ಹಿಡಿದು ಹಾಕಿದ್ದ.

"ಎಲ್ಲಿಗೆ ಓಟ, ಮರಿ? ಅಮ್ಮ ಎಲ್ಲಿ?"

"ಸಾರ್, ನನ್ನ ಫೋನ್ ಅದು. ಬಿಡಿ ಸಾರ್, ಒಂದೇ ಸಲ ಮಾಡೋದು ಅವರು."

"ಮೂರು ವರ್ಷದ ಮಗೂಗೆ ಫೋನಾ?" ಸ್ಟ್ರೌಡ್ ಸುತ್ತಲಿನವರ ಕಡೆ ತಿರುಗಿ ಕಣ್ಣು ಹೊಡೆದ. ಎಲ್ಲರೂ ನಕ್ಕರು. "ಮಗು ಒಂಟಿಯಾಗಿ ಸಿಕ್ಕಿದೆ. ಅನಾಥಾಲಯಕ್ಕೆ!"

"ಸಾರ್, ನಿಜವಾಗ್ಲೂ ಸಾರ್! ಹೆಂಡ್ತಿ ಮಾತ್ರೆ ವಿಷಯ!"

"ಎಷ್ಟು ಚೆನ್ನಾಗಿ ಮಾಡ್ತಾನೆ ನೋಡಿ," ಎಂದು ಗಿರವಿ ಅಂಗಡಿಯವಳು ಪಕ್ಕದವಳಿಗೆ ಹೇಳಿದಳು. "ನಾಟಕದ ಕಂಪನಿಯಿಂದ ಕರೆಸಿರ್ಬೇಕು."

ಫೋನು ಆರು ಸಲ ಬಡಿದುಕೊಂಡು ನಿಂತಿತು. ಟ್ರಿಶ್ ಸೀಟಿ ಊದಿ, "ಮೂರನೇ ವಾರ ಶುರು!" ಎಂದು ಕೂಗಿದಳು. ವೆಂಡೆಲ್ ಅನಾಥಾಲಯದ ಮೂಲೆಯಲ್ಲಿ ಎರಡು ಕೈಯಿಂದಲೂ ತಲೆ ಹಿಡಿದು ಕೂತ. ಇಬ್ಬರು ಹೆಂಗಸರು ಅವನ ಫೋಟೋ ತೆಗೆಯಬೇಕೆಂದು ಹುಡುಕಾಡಿ, ಫೋನು ಬುಟ್ಟಿಯಲ್ಲಿದೆ ಎಂದು ನೆನಪಾಗಿ ಪೇಚಾಡಿದರು.

ತಾಯಿ ಹಿಂದಿರುಗುತ್ತಲೇ ಮಗುವನ್ನು ಒಂಟಿ ಬಿಟ್ಟ ಅಪರಾಧಕ್ಕೆ ಅವಳನ್ನೂ ಹಿಡಿದರು. ಅವಳು ನಿಜಕ್ಕೂ ಅತ್ತಳು. ನಾಲ್ಕನೆಯ ವಾರಕ್ಕೆ ಬಿಡುಗಡೆಯಾಗಿ, ಫಾರಂ ತುಂಬಿ, ಅನಾಥಾಲಯದಿಂದ ವೆಂಡೆಲ್‌ನನ್ನು ಬಿಡಿಸಿಕೊಂಡು ಬಂದು, "ಇನ್ಯಾವತ್ತೂ ನಿನ್ನ ಬಿಟ್ಟು ಹೋಗಲ್ಲ ಪುಟ್ಟ," ಎಂದು ತಬ್ಬಿಕೊಂಡಳು. ಅರವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೆಂಡೆಲ್ ಅವಳ ಭುಜದ ಮೇಲಿಂದ ಅಡುಗೆಕೋಣೆಯ ಬಾಗಿಲನ್ನೇ ನೋಡುತ್ತಿದ್ದ.

ಆಟ ಮುಗಿದ ಮೇಲೂ ಬಿಡುಗಡೆ ಇಲ್ಲ. ಎಲ್ಲರೂ ದುಂಡಗೆ ಕೂತು, ಕೈ ಕೈ ಹಿಡಿದು ಅನುಭವ ಹೇಳಬೇಕು. ಗಡ್ಡದವನು, "ಬಡವರು ಸೋಮಾರಿಗಳು ಅಂದ್ಕೊಂಡಿದ್ದೆ. ನಂಗೆ ಕೂರೋಕೇ ಪುರಸೊತ್ತಾಗ್ಲಿಲ್ಲ," ಎಂದ. ತಾಯಿ ಮೂಗೊರೆಸಿಕೊಳ್ಳುತ್ತ, "ನಾಳೆಯಿಂದ ನಾನು ಬೇರೆ ಮನುಷ್ಯಳು," ಎಂದಳು. ಸ್ಟ್ರೌಡ್ ಟೋಪಿ ತೆಗೆದು, ಎಲ್ಲರಿಗೂ ಅವರವರ ಘನತೆ ಇರುತ್ತದೆ ಎಂದು ಮೂರು ನಿಮಿಷ ಮಾತಾಡಿದ. ಆಮೇಲೆ ಒಬ್ಬೊಬ್ಬರೂ ಸುತ್ತು ಬಂದು ಟಾಬಿಯ ಕೈ ಕುಲುಕಿದರು. ನಾಲ್ಕು ಗಂಟೆ ಹೊಡೆಯಿತು. ಆಗ ಬುಟ್ಟಿ ಬಂತು.

ವೆಂಡೆಲ್ ತನ್ನ ಫೋನನ್ನು ಹೆಕ್ಕಿಕೊಂಡ. ತೆರೆಯ ಮೇಲೆ ತಪ್ಪಿದ ಕರೆ ಒಂದು, ಬಿಟ್ಟುಹೋದ ಸಂದೇಶ ಒಂದು. ಅವನ ಫೋನಿನ ಕಿವಿಯ ಕಡೆಯ ಸ್ಪೀಕರು ಹೋದ ವರ್ಷ ನೀರಿನ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಹಿಂದಿನದು ಮಾತ್ರ ಕೆಲಸ ಮಾಡುತ್ತಿತ್ತು, ಅದೂ ಗಂಟಲು ಹರಿಯುವ ಹಾಗೆ. ಅವನು ಗುಂಡಿ ಒತ್ತಿದ. ಸಭೆಗೆಲ್ಲ ಕೇಳಿಸಿತು.

"ಹಲೋ. ಇದು ಕೌಂಟಿ ಸಹಾಯ ಕಚೇರಿಯಿಂದ, ವೆಂಡೆಲ್ ಕೋಸಿಕ್ ಅವರಿಗೆ. ಸಮಯ ಎರಡು ನಲವತ್ತೆರಡು. ನೀವು ಫೋನ್ ಎತ್ತಿಲ್ಲ..."

ಅಷ್ಟರಲ್ಲಿ ಸಂದೇಶದ ಹಿನ್ನೆಲೆಯಲ್ಲಿ ಒಂದು ಸೀಟಿ ಊದಿತು. ಹಿಂದೆಯೇ ಟ್ರಿಶ್‌ಳ ದನಿ, ದೂರದಿಂದ: "ಮೂರನೇ ವಾರ ಶುರು!"

"...ಸಂದರ್ಶನಕ್ಕೆ ಹಾಜರಾಗಲಿಲ್ಲ ಅಂತ ದಾಖಲಿಸಿ ನಿಮ್ಮ ಕೇಸನ್ನ ಮುಚ್ಚಿದ್ದೀನಿ. ನನ್ನ ಹೆಸರು ಪೌಲಾ ಗ್ರೈನರ್. ನಿಮ್ಮ ದಿನ ಚೆನ್ನಾಗಿರಲಿ."

ವೆಂಡೆಲ್‌ನ ಆಟದ ತಾಯಿ ಸುಣ್ಣದ ಹಾಗೆ ಬಿಳಿಚಿಕೊಂಡಳು. ಬುಟ್ಟಿಗೆ ಹಾಕದೆ ಚೀಲದಲ್ಲೇ ಉಳಿಸಿಕೊಂಡಿದ್ದ ಕಚೇರಿ ಫೋನನ್ನು ಮುಟ್ಟಿ ನೋಡಿಕೊಂಡಳು.

"ಕೋಸಿಕ್... ಅಂದ್ರೆ ನೀವಾ?" ಎಂದಳು ಪೌಲಾ. "ಇವತ್ತು ಒಂದೇ ಕರೆ ಬಾಕಿ ಇತ್ತು. ಆಟದ ಮಧ್ಯೆ ಮುಗಿಸಿಬಿಡೋಣ ಅಂತ ಮೆಟ್ಟಿಲ ಹತ್ರ ನಿಂತು..." ಮುಖ ಮುಚ್ಚಿಕೊಂಡು ಅತ್ತಳು. ಈ ಸಲದ ಅಳು ಬೇರೆ ತರಹದ್ದು.

ಮೊದಲು ಚೇತರಿಸಿಕೊಂಡವನು ಗಡ್ಡದವನು. "ಅಳೋದ್ಯಾಕೆ? ಇಬ್ರೂ ಇಲ್ಲೇ ಇದ್ದೀರಲ್ಲ! ಈಗಲೇ ಪ್ರಶ್ನೆ ಕೇಳಿ ಮುಗಿಸ್ಬಿಡಿ."

"ಹೌದು, ಮುಗಿಸ್ಬಿಡಿ!" ಎಂದಿತು ಸಭೆ. ವೆಂಡೆಲ್‌ಗೆ ಜೀವ ಬಂದ ಹಾಗಾಯಿತು. ಪೌಲಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪು ತೆಗೆದಳು. ಮುಚ್ಚಿದ್ದನ್ನು ಅದೇ ದಿನ ಸಂಜೆ ಐದರೊಳಗೆ ಮತ್ತೆ ತೆರೆಯಬಹುದು, ಆ ಅಧಿಕಾರ ತನಗಿದೆ ಎಂದಳು. ಗಂಟೆ ಇನ್ನೂ ನಾಲ್ಕೂಕಾಲು.

"ಒಂದ್ನಿಮಿಷ, ಪೌಲಾ," ಎಂದ ಸ್ಟ್ರೌಡ್. ಪ್ಲಾಸ್ಟಿಕ್ ಟೋಪಿ ಇನ್ನೂ ಅವನ ಕೈಯಲ್ಲೇ ಇತ್ತು. ಅವನು ಅದೇ ಕಚೇರಿಯಲ್ಲಿ ಅವಳ ಮೇಲಧಿಕಾರಿ ಎಂದು ವೆಂಡೆಲ್‌ಗೆ ಆಗ ತಿಳಿಯಿತು. "ಪರಿಚಯದವರ ಕೇಸು ನಾವು ಮುಟ್ಟೋ ಹಾಗಿಲ್ಲ. ನೆಂಟರು, ಸ್ನೇಹಿತರು, ಗೊತ್ತಿರೋರು. ನಿಯಮ ನಿನಗೇ ಗೊತ್ತು."

"ಸಾರ್, ಇವರ ಹೆಸರು ಕೂಡ ಗೊತ್ತಿರ್ಲಿಲ್ಲ ನಂಗೆ!"

"ಆಗ ಗೊತ್ತಿರ್ಲಿಲ್ಲ, ಹಾಗಾಗಿ ಮುಚ್ಚಿದ್ದು ಸರಿ. ಈಗ ಗೊತ್ತು. ಅರವತ್ತು ಜನರ ಎದುರಿಗೆ ತಬ್ಕೊಂಡಿದ್ದೀಯ, ಕಣ್ಣೀರು ಹಾಕಿದ್ದೀಯ. ನಾಳೆ ಯಾರಾದ್ರೂ ಪಕ್ಷಪಾತ ಅಂದ್ರೆ ನಿನ್ನ ಕೆಲಸಕ್ಕೆ ಸಂಚಕಾರ."

"ಬೇರೆಯವರ ಕೈಲಿ ಮಾಡ್ಸಿ ಹಾಗಾದ್ರೆ," ಎಂದ ಗಡ್ಡದವನು. "ನಿಮ್ಮ ವಿಭಾಗದಲ್ಲಿ ಇನ್ಯಾರೂ ಇಲ್ವಾ?"

ಸ್ಟ್ರೌಡ್ ಸಭೆಯ ಮೇಲೆ ಕಣ್ಣಾಡಿಸಿದ. ಗಿರವಿ ಅಂಗಡಿಯವಳು ತಲೆ ತಗ್ಗಿಸಿದಳು. ಮನೆ ಮಾಲೀಕ ಬೂಟಿನ ದಾರ ಕಟ್ಟತೊಡಗಿದ. "ಆರು ಜನ ಇದ್ದೀವಿ," ಎಂದ ಸ್ಟ್ರೌಡ್. "ಆರೂ ಜನ ಇವತ್ತು ಇಲ್ಲೇ. ಆರೂ ಜನ ಈಗ ಇವರ ಕೈ ಕುಲುಕಿದ್ದೀವಿ. ನಂಗೂ ತುಂಬಾ ಬೇಜಾರಾಗುತ್ತೆ, ನಂಬಿ. ಪಕ್ಕದ ಕೌಂಟಿಗೆ ಕಳಿಸ್ಬೇಕು. ಹೊಸ ಅರ್ಜಿ. ನಲವತ್ತೈದು ದಿನದೊಳಗೆ ಅಲ್ಲಿಂದ ಫೋನ್ ಬರುತ್ತೆ."

"ನನ್ನ ಹತ್ರ ಭಾನುವಾರದವರೆಗೆ ಮಾತ್ರೆ ಇದೆ ಸಾರ್," ಎಂದ ವೆಂಡೆಲ್.

ಆ ಮಾತಿಗೆ ಇನ್ನೂ ಕೆಲವರು ಅತ್ತರು. ಟ್ರಿಶ್‌ಗೂ ತಡೆಯಲಾಗಲಿಲ್ಲ. ಹದಿನೆಂಟು ವರ್ಷದಿಂದ ತರಬೇತಿ ಕೊಡುತ್ತಿದ್ದೇನೆ, ಬಡತನ ಇಷ್ಟು ಹತ್ತಿರದಿಂದ ತಟ್ಟಿದ್ದು ಇದೇ ಮೊದಲು ಎಂದಳು. ವೆಂಡೆಲ್‌ಗೊಂದು ಸರ್ಟಿಫಿಕೇಟು ಬರೆದುಕೊಟ್ಟಳು. ಪೌಲಾ ಅವನ ಎರಡೂ ಕೈ ಹಿಡಿದು ಏನೋ ಹೇಳಲು ನೋಡಿದಳು. ಅಷ್ಟರಲ್ಲಿ ಸ್ಟ್ರೌಡ್ ಕೆಮ್ಮಿದ. ಅವಳು ಕೈ ಬಿಟ್ಟಳು. ಹಾಲ್ವರ್ಸನ್ ಮೇಡಂ ಮೆಟ್ಟಿಲ ಮೇಲಿಂದ ಕಾಫಿ ಆರುತ್ತಿದೆ ಎಂದು ಕೂಗಿದರು. ಜನ ಒಬ್ಬೊಬ್ಬರಾಗಿ ಅವನ ಭುಜ ತಟ್ಟಿ ಮಹಡಿ ಹತ್ತಿದರು.

"ಕುರ್ಚಿ ಎಲ್ಲ ಮಡಿಸಿಟ್ಟು ಹೋಗು ವೆಂಡೆಲ್," ಎಂದರು ಮೇಡಂ. "ಮಧ್ಯಾಹ್ನವೆಲ್ಲ ಕೂತೇ ಇದ್ದೆಯಲ್ಲ. ಆ ಹೊತ್ತನ್ನ ಕೆಲಸ ಅಂತ ಬರೆಯೋಕಾಗಲ್ಲ, ನೋಡು."

ಅವನು ಕುರ್ಚಿ ಮಡಿಸತೊಡಗಿದ. ಇಪ್ಪತ್ತರ ಹತ್ತಿರ ಬಂದಾಗ ಫೋನು ಮತ್ತೆ ಬಡಿದುಕೊಂಡಿತು. ಲೊರೇನ್.

"ಬಂತಾ ಫೋನು?" ಅವಳ ದನಿ ಖಾಲಿ ಸಭಾಂಗಣದ ತುಂಬ ಕೇಳಿಸಿತು.

"ಬಂತು," ಎಂದ.

"ಅಬ್ಬ, ದೇವ್ರೇ. ಹೇಗಿದ್ಲು? ಹೋದ ಸಲದವಳ ಥರ ಸಿಡುಕಿನವಳಾ?"

"ಇಲ್ಲ. ತುಂಬಾ ಒಳ್ಳೇವಳು ಲೊರೇನ್. ಅಷ್ಟು ಒಳ್ಳೇವಳು ಆ ಆಫೀಸಲ್ಲಿ ಇದಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನನ್ನ ಕಷ್ಟ ಕೇಳಿ ಅತ್ತೇಬಿಟ್ಲು."

"ಹೌದಾ? ಹಾಗಾದ್ರೆ ಆಯ್ತು ತಾನೇ ಕೆಲಸ?"

ವೆಂಡೆಲ್ ಕೈಯಲ್ಲಿದ್ದ ಕುರ್ಚಿಯನ್ನು ಗೋಡೆಗೆ ಒರಗಿಸಿದ. ಇನ್ನೊಂದನ್ನು ಮಡಿಸಿ ಅದರ ಪಕ್ಕಕ್ಕಿಟ್ಟ. ಮೂವತ್ತೊಂದು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟು ಹೊತ್ತು ಸಾಕಾಯಿತು.

"ಸರಿ ಬಿಡು," ಎಂದಳು ಲೊರೇನ್. "ಇವತ್ತು ರಾತ್ರಿಯಿಂದ್ಲೇ ಅರ್ಧ ಅರ್ಧ ಮಾಡ್ಕೋತೀನಿ. ನೀನು ಬರ್ತಾ ಆ ಮಾತ್ರೆ ಕತ್ತರಿಸೋ ಡಬ್ಬಿ ಒಂದು ತಗೊಂಡ್ ಬಾ. ಚಾಕುವಲ್ಲಿ ಕತ್ತರಿಸಿದ್ರೆ ಪುಡಿಯಾಗುತ್ತೆ."